ಕೊಲೆಸ್ಟರಾಲ್ ಮತ್ತು ಮೂಳೆಯ ಸಾಂದ್ರತೆ: ಸಹಸಂಬಂಧವೋ, ಕಾರಣವೋ?

ಪೀಠಿಕೆ

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಕೊಲೆಸ್ಟರಾಲ್ ಹೃದಯರೋಗಗಳ ಪ್ರಸ್ತಾಪದಲ್ಲಿ ಬರುತ್ತದೆ. ಮೂಳೆ ಅಸ್ಥಿಪಂಜರದ ಪಾಠದಲ್ಲಿ ಬರುತ್ತದೆ. ಪುಸ್ತಕದಲ್ಲಿ ಇವೆರಡಕ್ಕೂ ನಂಟಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇವು ಅನೇಕ ವೇಳೆ ಒಂದೇ ಲಕೋಟೆಯಲ್ಲಿ ಬಂದು ಸೇರುತ್ತವೆ. ಅರುವತ್ತು ದಾಟಿದ ಅಜ್ಜಿಯ ರಕ್ತಪರೀಕ್ಷೆಯ ಚೀಟಿ, ಮೂಳೆಯ ಸಾಂದ್ರತೆಯ ವರದಿ, ಎರಡಕ್ಕೂ ಬರೆದುಕೊಟ್ಟ ಮಾತ್ರೆಗಳು. ವರದಿ ಇಂಗ್ಲಿಷಿನಲ್ಲಿರುತ್ತದೆ, ವೈದ್ಯರು ಮಲಯಾಳದಲ್ಲಿ ವಿವರಿಸಿರುತ್ತಾರೆ, ಅಜ್ಜಿಯ ಮನೆಮಾತು ಕನ್ನಡವೋ ತುಳುವೋ ಆಗಿರುತ್ತದೆ. ನಡುವೆ ನಿಂತು ಅರ್ಥ ಹೇಳುವ ಹೊಣೆ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಮೊಮ್ಮಗಳದ್ದಾಗುತ್ತದೆ.

ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಇದು ಕ್ಷುಲ್ಲಕ ಸಂಗತಿಯಲ್ಲ. ಆ ಮಗುವಿನ ಅರೆತಿಳಿವಿನಿಂದ ಅಜ್ಜಿಯ ಊಟದಿಂದ ಹಾಲು ಮಾಯವಾಗಬಹುದು, ಇಲ್ಲವೇ ಮಾತ್ರೆಯೊಂದು ನಿಂತುಹೋಗಬಹುದು. ತರಬೇತಿ ಶಿಬಿರಗಳಲ್ಲಿ ಶಿಕ್ಷಕ ಬಂಧುಗಳು ಪದೇ ಪದೇ ಮುಂದಿಡುವ ಎರಡು ಪ್ರಶ್ನೆಗಳೂ ಈ ಬಗೆಯವೇ: "ಕೊಲೆಸ್ಟರಾಲ್ ಹೆಚ್ಚಾದರೆ ಮೂಳೆ ಟೊಳ್ಳಾಗುತ್ತದೆಯೇ?", "ಕೊಲೆಸ್ಟರಾಲ್ ಇಳಿಸುವ ಮಾತ್ರೆಯಿಂದ ಮೂಳೆ ಸವೆಯುತ್ತದೆಯೇ?" ಈ ಲೇಖನದ ಉದ್ದೇಶ ಇವೆರಡಕ್ಕೂ ತಿಳಿದಷ್ಟನ್ನು ನೇರವಾಗಿ ಹೇಳುವುದು, ಹಾಗೆಯೇ, ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವೆನ್ನಲಾಗದು ಎಂಬ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವ ದಾರಿಯನ್ನು ಸೂಚಿಸುವುದು.

ಮೊದಲು ಪದಗಳ ವಿಚಾರ

ಆಡುಮಾತಿನ ಎರಡು ಬಳಕೆಗಳು ಈ ವಿಷಯವನ್ನು ಆರಂಭದಲ್ಲಿಯೇ ಗೋಜಲು ಮಾಡುತ್ತವೆ. ಮೊದಲನೆಯದು, ಕೊಲೆಸ್ಟರಾಲನ್ನು 'ರಕ್ತದ ಕೊಬ್ಬು' ಎನ್ನುವುದು. ಕೊಲೆಸ್ಟರಾಲ್ ಮೇದಸ್ಸುಗಳ ಬಳಗಕ್ಕೆ ಸೇರಿದ್ದರೂ ಎಣ್ಣೆ, ತುಪ್ಪಗಳಂತಹ ಕೊಬ್ಬಲ್ಲ. ಕೊಬ್ಬನ್ನು ಉರಿಸಿ ದೇಹವು ಶಕ್ತಿ ಪಡೆಯುತ್ತದೆ; ಕೊಲೆಸ್ಟರಾಲಿನಿಂದ ಶಕ್ತಿ ದೊರೆಯದು. ಅದು ಕಟ್ಟುವ ಸಾಮಗ್ರಿ, ಉರುವಲಲ್ಲ.

ಎರಡನೆಯದು 'ಮೂಳೆ ಸವೆತ' ಎಂಬ ಮಾತು. ಮಂಡಿಯ ಕೀಲಿನಲ್ಲಿ ಮೃದ್ವಸ್ಥಿ ತೇಯ್ದುಹೋಗಿ ನೋವು ಬರುವುದನ್ನೂ, ಮೂಳೆಯೊಳಗಿನ ಖನಿಜಾಂಶ ಕಡಮೆಯಾಗಿ ಅದು ಸುಲಭವಾಗಿ ಮುರಿಯುವ ಸ್ಥಿತಿಯನ್ನೂ ಜನರು ಇದೇ ಹೆಸರಿನಿಂದ ಕರೆಯುತ್ತಾರೆ. ಇವು ಬೇರೆ ಬೇರೆ ರೋಗಗಳು. ಎರಡನೆಯದಕ್ಕೆ ಪುಸ್ತಕಗಳಲ್ಲಿ ಅಸ್ಥಿರಂಧ್ರತೆ ಎಂಬ ಪದವಿದೆ. ಆಸ್ಪತ್ರೆಯಲ್ಲಿ ಕೇಳಿಬರುವ ಹೆಸರು ಆಸ್ಟಿಯೊಪೊರೋಸಿಸ್. ಕೀಲಿನ ಸವೆತ ನೋವಿನಿಂದ ತನ್ನನ್ನು ಪ್ರಕಟಿಸಿಕೊಳ್ಳುತ್ತದೆ. ಅಸ್ಥಿರಂಧ್ರತೆ ಬಹುಮಟ್ಟಿಗೆ ಮೌನಿ. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗಲೇ ಅದರ ಅರಿವಾಗುತ್ತದೆ. ಮಲಯಾಳದ 'ಎಲ್ಲ್', ತಮಿಳಿನ 'ಎಲುಂಬು', ಕನ್ನಡದ 'ಎಲುಬು' ಒಂದೇ ಬುಡದ ಮಾತುಗಳೆಂಬುದನ್ನು ಮಕ್ಕಳಿಗೆ ತೋರಿಸಿದರೆ ಆಸ್ಪತ್ರೆಯ ಮಾತು ಅವರಿಗೆ ಅಷ್ಟು ಪರಕೀಯವೆನಿಸದು.

ಕೊಲೆಸ್ಟರಾಲ್: ದೇಹವೇ ತಯಾರಿಸುವ ವಸ್ತು

ಪಿತ್ತಕೋಶದ ಕಲ್ಲುಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಕಂಡುಬಂದಿದ್ದ ಈ ವಸ್ತುವಿಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಷವ್ರಲ್ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಖೊಲೆ' ಎಂದರೆ ಪಿತ್ತ, 'ಸ್ಟೀರಿಯೊಸ್' ಎಂದರೆ ಗಟ್ಟಿಯಾದುದು. ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಬಹುಪಾಲನ್ನು ದೇಹವೇ, ಮುಖ್ಯವಾಗಿ ಯಕೃತ್ತು, ಸಿದ್ಧಪಡಿಸಿಕೊಳ್ಳುತ್ತದೆ. ಪ್ರತಿಯೊಂದು ಪ್ರಾಣಿಕೋಶದ ಪೊರೆಯಲ್ಲಿಯೂ ಅದು ಇದೆ. ಪಿತ್ತರಸದ ಆಮ್ಲಗಳು, ಈಸ್ಟ್ರೊಜನ್, ಟೆಸ್ಟೊಸ್ಟಿರಾನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಅದರಿಂದಲೇ ಆಗುತ್ತವೆ.

ಕೊಲೆಸ್ಟರಾಲ್ ನೀರಿನಲ್ಲಿ ಕರಗದು. ಆದುದರಿಂದ ರಕ್ತದಲ್ಲಿ ಅದು ಪ್ರೋಟೀನಿನೊಂದಿಗೆ ಸೇರಿದ ಕಣಗಳಲ್ಲಿ ಸಂಚರಿಸಬೇಕಾಗುತ್ತದೆ. ಯಕೃತ್ತಿನಿಂದ ಹೊರಟು ಅಂಗಾಂಶಗಳತ್ತ ಸಾಗಿಸುವ ಕಣ ಎಲ್‌ಡಿಎಲ್. ಮಿಕ್ಕಿದ್ದನ್ನು ಯಕೃತ್ತಿಗೆ ಮರಳಿಸುವುದರಲ್ಲಿ ಪಾಲುಗೊಳ್ಳುವ ಕಣ ಎಚ್‌ಡಿಎಲ್. ಎಲ್‌ಡಿಎಲ್ ಹೆಚ್ಚಿ ಅಪಧಮನಿಯ ಗೋಡೆಯಲ್ಲಿ ಶೇಖರವಾದಾಗ ಹೃದಯಾಘಾತದ ಅಪಾಯ ಬೆಳೆಯುತ್ತದೆ. ಈ ಕಾರ್ಯಕಾರಣ ಸಂಬಂಧ ಪ್ರಯೋಗ, ಅನುವಂಶೀಯತೆ, ಚಿಕಿತ್ಸೆ ಎಂಬ ಮೂರು ದಾರಿಗಳಿಂದಲೂ ದೃಢಪಟ್ಟಿದೆ. ಮೂಳೆಯ ಬಗೆಗಿನ ಸಂಬಂಧಕ್ಕೆ ಅಷ್ಟು ಬಲವಿದೆಯೇ ಎಂಬುದು ನಮ್ಮ ಪ್ರಶ್ನೆ.

ಮೂಳೆ: ನಿತ್ಯ ದುರಸ್ತಿಯಲ್ಲಿರುವ ಕಟ್ಟಡ

ಮೂಳೆ ಒಮ್ಮೆ ಬೆಳೆದು ನಿಂತುಬಿಡುವ ಕಲ್ಲಲ್ಲ. ಮುಳಿಹುಲ್ಲಿನ ಮಾಡನ್ನು ಹಿಂದೆ ವರ್ಷವರ್ಷವೂ ಬಿಚ್ಚಿ ಹೊದಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಒಂದು ಗುಂಪು ಹಳೆಯ ಹುಲ್ಲನ್ನು ಕೀಳುತ್ತದೆ, ಇನ್ನೊಂದು ಗುಂಪು ಹೊಸತನ್ನು ಹೊದಿಸುತ್ತದೆ. ಮೂಳೆಯಲ್ಲಿ ಕೀಳುವ ಕೆಲಸ ಅಸ್ಥಿಭಂಜಕ ಕೋಶಗಳದ್ದು, ಹೊದಿಸುವ ಕೆಲಸ ಅಸ್ಥಿಜನಕ ಕೋಶಗಳದ್ದು. ಎಳವೆಯಲ್ಲಿ ಹೊದಿಸುವವರ ಕೈ ಮೇಲು. ಮೂವತ್ತರ ಆಸುಪಾಸಿನಲ್ಲಿ ಮೂಳೆಯ ಸಂಗ್ರಹ ತನ್ನ ಗರಿಷ್ಠ ಮಟ್ಟದಲ್ಲಿರುತ್ತದೆ. ವಯಸ್ಸಾದಂತೆ ಕೀಳುವವರ ಕೈ ಮೇಲಾಗುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಅನಂತರದ ಕೆಲವು ವರ್ಷಗಳಲ್ಲಿ ಈ ನಷ್ಟ ವಿಶೇಷ ವೇಗವಾಗಿ ನಡೆಯುತ್ತದೆ, ಏಕೆಂದರೆ ಅಸ್ಥಿಭಂಜಕ ಕೋಶಗಳಿಗೆ ಕಡಿವಾಣ ಹಾಕುತ್ತಿದ್ದ ಈಸ್ಟ್ರೊಜನ್ ಇಳಿದಿರುತ್ತದೆ.

ಸಾಂದ್ರತೆಯನ್ನು ಅಳೆಯುವ ಪರೀಕ್ಷೆಗೆ ಡೆಕ್ಸಾ ಎಂದು ಹೆಸರು. ಎರಡು ಬೇರೆ ಬೇರೆ ಶಕ್ತಿಯ ಕ್ಷಕಿರಣಗಳನ್ನು ಹಾಯಿಸಿ, ಮೂಳೆಯ ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಮ್ ಖನಿಜವಿದೆಯೆಂಬುದನ್ನು ಅದು ಲೆಕ್ಕ ಹಾಕುತ್ತದೆ. ಆ ಮೌಲ್ಯವು ಆರೋಗ್ಯವಂತ ಯುವವಯಸ್ಕರ ಸರಾಸರಿಗಿಂತ ಎಷ್ಟು ಮಾನಕ ವಿಚಲನೆಗಳಷ್ಟು ದೂರವಿದೆ ಎಂಬುದೇ 'ಟಿ' ಅಂಕ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಮಾನದಂಡದಂತೆ -1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ. -1 ಮತ್ತು -2.5ರ ನಡುವೆ ಇದ್ದರೆ ಸಾಂದ್ರತೆ ಕಡಮೆ; -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ. ಗಣಿತದ ಶಿಕ್ಷಕರು ಮಾನಕ ವಿಚಲನೆಯನ್ನು ಕಲಿಸುವಾಗ ಇದಕ್ಕಿಂತ ಜೀವಂತವಾದ ಉದಾಹರಣೆಯನ್ನು ಹುಡುಕಬೇಕಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಇರಲಿ. ಸಾಂದ್ರತೆಯೆಂದರೆ ಬಲವೇ ಅಲ್ಲ. 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿಯಾದ ಫ್ಲೋರೈಡ್ ವಿಷಬಾಧೆಯನ್ನು ನೆನೆಯಬಹುದು. ಫ್ಲೋರೈಡ್ ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಕ್ಷಕಿರಣ ಚಿತ್ರದಲ್ಲಿ ಹೆಚ್ಚು ದಟ್ಟವಾಗಿ ಕಾಣುತ್ತದೆ; ಆದರೆ ಅದರ ಗುಣಮಟ್ಟ ಕೆಟ್ಟಿರುತ್ತದೆ. ಮೂಳೆಯ ಬಲಕ್ಕೆ ಖನಿಜದೊಂದಿಗೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳೂ, ಒಳರಚನೆಯ ಸೊಗಸೂ ಬೇಕು.

ಎರಡೂ ಎಲ್ಲಿ ಸಂಧಿಸುತ್ತವೆ?

ಕೊಲೆಸ್ಟರಾಲಿಗೂ ಮೂಳೆಗೂ ನಂಟು ಇರಬಹುದೆಂಬ ಊಹೆ ನಿರಾಧಾರವಲ್ಲ. ಅದಕ್ಕೆ ಮೂರು ಸಂಧಿಸ್ಥಾನಗಳಿವೆ.

1. ಮೂಳೆಯ ಮಜ್ಜೆಯಲ್ಲಿರುವ ಒಂದೇ ಬಗೆಯ ಮೂಲಕೋಶದಿಂದ ಅಸ್ಥಿಜನಕ ಕೋಶವೂ ಹುಟ್ಟಬಹುದು, ಕೊಬ್ಬಿನ ಕೋಶವೂ ಹುಟ್ಟಬಹುದು. ಆಕ್ಸಿಜನ್ನಿನೊಂದಿಗೆ ಪ್ರತಿವರ್ತಿಸಿ ಕೆಟ್ಟ ಎಲ್‌ಡಿಎಲ್, ಈ ಕವಲುದಾರಿಯಲ್ಲಿ ಮೂಲಕೋಶವನ್ನು ಕೊಬ್ಬಿನ ಕಡೆಗೆ ತಿರುಗಿಸುತ್ತದೆಂದು 1990ರ ದಶಕದ ಕೊನೆಯಲ್ಲಿ ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂತು.

2. ಚರ್ಮದಲ್ಲಿರುವ, ಕೊಲೆಸ್ಟರಾಲಿನ ತೀರ ಸಮೀಪದ ಒಂದು ಸಂಯುಕ್ತಕ್ಕೆ ಬಿಸಿಲಿನ ನೇರಳಾತೀತ ಕಿರಣ ತಗುಲಿದಾಗ ವಿಟಮಿನ್ ಡಿ ಉಂಟಾಗುತ್ತದೆ. ಕರುಳು ಕ್ಯಾಲ್ಸಿಯಮನ್ನು ಹೀರಿಕೊಳ್ಳಲು ಆ ವಿಟಮಿನ್ ಬೇಕು. ಸ್ಟಿರಾಲುಗಳಿಗೂ ವಿಟಮಿನ್‌ಗಳಿಗೂ ಇರುವ ನಂಟನ್ನು ಶೋಧಿಸಿದ ಜರ್ಮನಿಯ ಅಡಾಲ್ಫ್ ವಿಂಡಾಸ್ ಅವರಿಗೆ 1928ರ ನೊಬೆಲ್ ಪ್ರಶಸ್ತಿ ಸಂದಿತು.

3. ಕೋಶದೊಳಗೆ ಕೊಲೆಸ್ಟರಾಲ್ ತಯಾರಾಗುವ ರಾಸಾಯನಿಕ ಹಾದಿಯೊಂದಿದೆ. ಅದಕ್ಕೆ ಮೆವಲೊನೇಟ್ ಹಾದಿ ಎನ್ನುತ್ತಾರೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳು ಈ ಹಾದಿಯ ಆರಂಭದ ಒಂದು ಹಂತವನ್ನು ತಡೆಯುತ್ತವೆ. ಅಸ್ಥಿರಂಧ್ರತೆಗೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಮುಂತಾದ ಔಷಧಗಳು, ಅಸ್ಥಿಭಂಜಕ ಕೋಶಗಳಲ್ಲಿ, ಇದೇ ಹಾದಿಯ ಮುಂದಿನ ಒಂದು ಹಂತವನ್ನು ತಡೆಯುತ್ತವೆ. ಹೃದಯದ ಮಾತ್ರೆಯೂ ಮೂಳೆಯ ಮಾತ್ರೆಯೂ ಒಂದೇ ಬೀದಿಯ ಎರಡು ತಿರುವುಗಳಲ್ಲಿ ಕಾವಲು ನಿಂತಿವೆ.

ಇಷ್ಟನ್ನು ಕೇಳಿದ ವಿದ್ಯಾರ್ಥಿ "ಹಾಗಾದರೆ ಕೊಲೆಸ್ಟರಾಲ್ ಹೆಚ್ಚಿದವರ ಮೂಳೆ ದುರ್ಬಲವಾಗಿರಲೇಬೇಕು" ಎಂದು ತೀರ್ಮಾನಿಸುವುದು ಸಹಜ. ಆದರೆ ಗಾಜಿನ ತಟ್ಟೆಯ ಕೋಶದಲ್ಲಿ ನಡೆದದ್ದು ಇಡೀ ಮನುಷ್ಯನಲ್ಲಿ ಅದೇ ಪ್ರಮಾಣದಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ಅದನ್ನು ಜನರಲ್ಲಿಯೇ ಪರೀಕ್ಷಿಸಬೇಕು.

ಜನರಲ್ಲಿ ಕಂಡದ್ದೇನು?

ಕಂಡದ್ದು ಒಂದೇ ಬಗೆಯ ಉತ್ತರವಲ್ಲ. ಮುಟ್ಟು ನಿಂತ ಮಹಿಳೆಯರ ಕೆಲವು ಅಧ್ಯಯನಗಳಲ್ಲಿ ಎಲ್‌ಡಿಎಲ್ ಹೆಚ್ಚಿದ್ದವರ ಮೂಳೆಯ ಸಾಂದ್ರತೆ ಕಡಮೆಯಿತ್ತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ಎಚ್‌ಡಿಎಲ್ ವಿಷಯದಲ್ಲಿಯೂ ಹೀಗೆಯೇ: ಹೆಚ್ಚಿದ್ದರೆ ಮೂಳೆಗೆ ಒಳ್ಳೆಯದೆಂದು ಕೆಲವು, ಒಳ್ಳೆಯದಲ್ಲವೆಂದು ಕೆಲವು.

ದೀರ್ಘಕಾಲದ ಸಾಕ್ಷ್ಯವನ್ನು ಕೊಡುವ ಅಧ್ಯಯನವೆಂದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನದು. 1948ರಲ್ಲಿ 5,209 ಮಂದಿಯೊಂದಿಗೆ ಆರಂಭವಾದ ಅದು ಹೃದಯರೋಗಕ್ಕೂ ಕೊಲೆಸ್ಟರಾಲಿಗೂ ಇರುವ ಸಂಬಂಧವನ್ನು ಜಗತ್ತಿಗೆ ತಿಳಿಸಿಕೊಟ್ಟಿತು. ಅದೇ ಜನರ ದಶಕಗಳ ಕೊಲೆಸ್ಟರಾಲ್ ದಾಖಲೆಗಳನ್ನು ವೃದ್ಧಾಪ್ಯದಲ್ಲಿ ಅಳೆದ ಮೂಳೆಯ ಸಾಂದ್ರತೆಯೊಂದಿಗೆ ಹೋಲಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಯೌವನದಿಂದ ನಡುವಯಸ್ಸಿನವರೆಗಿನ ಕೊಲೆಸ್ಟರಾಲ್ ಮಟ್ಟಕ್ಕೂ ಮುಂದಿನ ಮೂಳೆಯ ಸಾಂದ್ರತೆಗೂ ಗಮನಾರ್ಹ ಸಂಬಂಧ ಅಲ್ಲಿ ಕಾಣಲಿಲ್ಲ.

2023ರಲ್ಲಿ ಆಸ್ಟ್ರೇಲಿಯದ 16,000ಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರ ಅಧ್ಯಯನವೊಂದು ಪ್ರಕಟವಾಯಿತು. ಎಚ್‌ಡಿಎಲ್ ಅತಿ ಹೆಚ್ಚಾಗಿದ್ದ ಐದನೆಯ ಒಂದು ಭಾಗದವರಲ್ಲಿ, ಅತಿ ಕಡಮೆಯಿದ್ದ ಐದನೆಯ ಒಂದು ಭಾಗದವರಿಗಿಂತ, ಮೂಳೆ ಮುರಿತದ ಅಪಾಯ ಶೇಕಡಾ 33ರಷ್ಟು ಹೆಚ್ಚಿತ್ತು. ಎಚ್‌ಡಿಎಲನ್ನು 'ಒಳ್ಳೆಯ ಕೊಲೆಸ್ಟರಾಲ್' ಎಂದು ಬೋಧಿಸುತ್ತ ಬಂದ ನಮಗೆ ಇದು ಯೋಚಿಸಬೇಕಾದ ಫಲಿತಾಂಶ. ಆದರೂ ಎಚ್‌ಡಿಎಲೇ ಮೂಳೆ ಮುರಿಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಏಕೆಂಬುದನ್ನು ಮುಂದಿನ ಭಾಗ ಹೇಳುತ್ತದೆ.

ಮರೆಯಲ್ಲಿರುವ ಮೂರನೆಯ ಕಾರಣ

ಕೊಡೆಗಳ ವ್ಯಾಪಾರ ಜೋರಾದ ತಿಂಗಳುಗಳಲ್ಲಿಯೇ ಅಡಿಕೆ ತೋಟಕ್ಕೆ ಕೊಳೆರೋಗ ತಗಲುತ್ತದೆ. ಕೊಳೆರೋಗವನ್ನು ತಡೆಯಲು ಕೊಡೆ ಮಾರಾಟವನ್ನು ನಿಲ್ಲಿಸೋಣವೆಂದು ಯಾರಾದರೂ ಹೇಳಿದರೆ ಮಕ್ಕಳು ನಗುತ್ತಾರೆ. ಎರಡರ ಹಿಂದೆಯೂ ಮಳೆಯಿದೆಯೆಂಬುದು ಕೃಷಿಕರ ಮಕ್ಕಳಿಗೆ ಗೊತ್ತು. ಕೊಲೆಸ್ಟರಾಲ್ ಮತ್ತು ಮೂಳೆಯ ವಿಷಯದಲ್ಲಿ ಮಳೆಯ ಸ್ಥಾನದಲ್ಲಿ ನಿಂತಿರುವುದು ಏನು?

ಮೊದಲನೆಯದು ಈಸ್ಟ್ರೊಜನ್. ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಎಳೆದುಕೊಳ್ಳಲು ಈ ಹಾರ್ಮೋನು ನೆರವಾಗುತ್ತದೆ. ಮುಟ್ಟು ನಿಂತು ಅದು ಇಳಿದಾಗ ಎಲ್‌ಡಿಎಲ್ ಏರುತ್ತದೆ; ಅದೇ ಕಾಲಕ್ಕೆ ಮೂಳೆಯೂ ಕರಗತೊಡಗುತ್ತದೆ. ಹೊರಗಿನಿಂದ ನೋಡುವವರಿಗೆ ಕೊಲೆಸ್ಟರಾಲ್ ಏರಿದ್ದರಿಂದ ಮೂಳೆ ಇಳಿಯಿತೆಂದು ತೋರುತ್ತದೆ. ಎರಡನೆಯದು ವಯಸ್ಸು, ಅದೂ ಇದೇ ದಿಕ್ಕಿನಲ್ಲಿ ಎಳೆಯುತ್ತದೆ.

ಮೂರನೆಯದಾದ ದೇಹತೂಕ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. ತೂಕ ಹೆಚ್ಚಿದವರಲ್ಲಿ ಎಲ್‌ಡಿಎಲ್ ಹೆಚ್ಚಿರುವ ಸಂಭವವಿದೆ, ಎಚ್‌ಡಿಎಲ್ ಕಡಮೆಯಿರುವ ಸಂಭವವಿದೆ. ಆದರೆ ಭಾರ ಹೊರುವ ಮೂಳೆ ಸಾಮಾನ್ಯವಾಗಿ ಹೆಚ್ಚು ದಟ್ಟವಾಗಿರುತ್ತದೆ. ತೆಳ್ಳಗಿನ ಹಿರಿಯರಲ್ಲಿ ಎಚ್‌ಡಿಎಲ್ ಹೆಚ್ಚು, ಮೂಳೆ ತೆಳು ಎಂಬ ಜೋಡಿ ಕಾಣಸಿಗಬಹುದು. ಧೂಮಪಾನ, ಮಧುಮೇಹ, ಕುಳಿತೇ ಕಳೆಯುವ ಜೀವನಕ್ರಮ ರಕ್ತನಾಳಕ್ಕೂ ಮೂಳೆಗೂ ಒಟ್ಟಿಗೆ ಕೇಡು ಮಾಡುತ್ತವೆ. ಸಂಶೋಧಕರು ಇವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ಯತ್ನಿಸುತ್ತಾರೆ. ಯಾವುದನ್ನು, ಎಷ್ಟರಮಟ್ಟಿಗೆ ಸರಿದೂಗಿಸಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಧ್ಯಯನಗಳು ಒಂದಕ್ಕೊಂದು ಹೊಂದದಿರಲು ಇದು ಮುಖ್ಯ ಕಾರಣ.

ಸ್ಟ್ಯಾಟಿನ್ ಕಲಿಸುವ ಪಾಠ

ಸಹಸಂಬಂಧವನ್ನು ಕಾರಣವೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ಸ್ಟ್ಯಾಟಿನ್‌ಗಳ ಇತಿಹಾಸ ಒಳ್ಳೆಯ ದೃಷ್ಟಾಂತ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದರು. 1999ರಲ್ಲಿ, ಸ್ಟ್ಯಾಟಿನ್‌ಗಳು ಇಲಿ ಜಾತಿಯ ಪ್ರಾಣಿಗಳಲ್ಲಿ ಹೊಸ ಮೂಳೆಯನ್ನು ಬೆಳೆಸುತ್ತವೆಂಬ ವರದಿ ಅಮೆರಿಕದಿಂದ ಬಂತು. ಬೆನ್ನಿಗೇ 2000ದಲ್ಲಿ, ಸ್ಟ್ಯಾಟಿನ್ ಸೇವಿಸುತ್ತಿದ್ದ ಹಿರಿಯರಲ್ಲಿ ಮೂಳೆ ಮುರಿತ ಕಡಮೆಯೆಂದು ಕೆಲವು ಅವಲೋಕನ ಅಧ್ಯಯನಗಳು ತಿಳಿಸಿದವು. ಒಂದೇ ಮಾತ್ರೆಯಿಂದ ಹೃದಯವೂ ಮೂಳೆಯೂ ಉಳಿಯುವುದೆಂಬ ಆಸೆ ಚಿಗುರಿತು.

ಆದರೆ ಮಾತ್ರೆಯನ್ನು ತಪ್ಪದೆ ನುಂಗುವವರು ಬೇರೆ ವಿಷಯಗಳಲ್ಲಿಯೂ ಆರೋಗ್ಯದ ಬಗ್ಗೆ ಎಚ್ಚರವಿರುವವರು. ಅವರ ನಡಿಗೆ, ಊಟ, ತಪಾಸಣೆ ಎಲ್ಲವೂ ಭಿನ್ನ. ಈ ಮರೆಯನ್ನು ಸರಿಸಲು ಇರುವ ಉಪಾಯ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಡುವುದು. 17,802 ಮಂದಿ ಭಾಗವಹಿಸಿದ 'ಜುಪಿಟರ್' ಎಂಬ ಪರೀಕ್ಷೆಯಲ್ಲಿ ಹೀಗೆ ಮಾಡಲಾಗಿತ್ತು. ಅದರ ಮೂಳೆ ಮುರಿತದ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು: ಸ್ಟ್ಯಾಟಿನ್ ಗುಂಪಿನಲ್ಲಿ 221 ಮಂದಿಗೆ, ಹುಸಿಮಾತ್ರೆಯ ಗುಂಪಿನಲ್ಲಿ 210 ಮಂದಿಗೆ ಮುರಿತವಾಗಿತ್ತು. ಇದು ಗಣನೀಯ ವ್ಯತ್ಯಾಸವಲ್ಲ. ಸ್ಟ್ಯಾಟಿನ್ ಮೂಳೆಯನ್ನು ರಕ್ಷಿಸಲಿಲ್ಲ. ಮೂಳೆಗೆ ಗಣನೀಯ ಹಾನಿಯನ್ನೂ ಮಾಡಲಿಲ್ಲ.

"ಕೊಲೆಸ್ಟರಾಲ್ ಇಳಿದರೆ ವಿಟಮಿನ್ ಡಿ ಆಗುವುದಿಲ್ಲವಲ್ಲ" ಎಂಬ ಆಕ್ಷೇಪವೂ ಕೇಳಿಬರುತ್ತದೆ. ವಿಟಮಿನ್ ಡಿಗೆ ಬೇಕಾದ ಸಂಯುಕ್ತವನ್ನು ಚರ್ಮದ ಕೋಶಗಳು ತಮ್ಮಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತವೆ; ಅದಕ್ಕಾಗಿ ರಕ್ತದಲ್ಲಿ ಎಲ್‌ಡಿಎಲ್ ತುಂಬಿಕೊಂಡಿರಬೇಕಾಗಿಲ್ಲ. ಕೊರತೆಯಾಗುವುದು ಬಹುಮಟ್ಟಿಗೆ ಬಿಸಿಲಿನದು.

ತರಗತಿಯಲ್ಲಿ

ಚಟುವಟಿಕೆ 1. ಬೇಯಿಸಿ ಶುಚಿಗೊಳಿಸಿದ ಕೋಳಿಕಾಲಿನ ಮೂಳೆಯೊಂದನ್ನು ವಿನೆಗರಿನಲ್ಲಿ ಮುಳುಗಿಸಿ ಒಂದು ವಾರ ಇಡಿರಿ; ನಡುವೆ ವಿನೆಗರನ್ನು ಬದಲಿಸಿರಿ. ಆಮ್ಲವು ಖನಿಜವನ್ನು ಕರಗಿಸಿದ ಬಳಿಕ ಮೂಳೆ ಬಾಗುತ್ತದೆ. ಉಳಿದಿರುವುದು ಕೊಲಾಜನ್. ಡೆಕ್ಸಾ ಅಳೆಯುವುದು ಕರಗಿಹೋದ ಭಾಗವನ್ನು ಎಂಬುದನ್ನು ವಿವರಿಸಿರಿ. ಮಾಂಸಾಹಾರದ ವಸ್ತು ಬೇಡವೆನಿಸುವ ಶಾಲೆಗಳಲ್ಲಿ ಚಿತ್ರದ ಮೂಲಕ ತೋರಿಸಬಹುದು.

ಚಟುವಟಿಕೆ 2. ಒಟ್ಟಿಗೆ ಏರುವ ಅಥವಾ ಒಂದು ಏರಿದಾಗ ಇನ್ನೊಂದು ಇಳಿಯುವ ಐದು ಜೋಡಿಗಳನ್ನು ಊರಿನ ಜೀವನದಿಂದ ಮಕ್ಕಳೇ ಪಟ್ಟಿಮಾಡಲಿ. ಪ್ರತಿ ಜೋಡಿಗೂ ಮೂರು ಪ್ರಶ್ನೆಗಳನ್ನು ಕೇಳಿರಿ: ಮೊದಲನೆಯದು ಎರಡನೆಯದಕ್ಕೆ ಕಾರಣವೇ? ಎರಡನೆಯದೇ ಮೊದಲನೆಯದಕ್ಕೆ ಕಾರಣವಿರಬಹುದೇ? ಎರಡರ ಹಿಂದೆಯೂ ಮೂರನೆಯದೊಂದಿದೆಯೇ?

ಚಟುವಟಿಕೆ 3. ಮಕ್ಕಳ ಮನೆಯ ವೈದ್ಯಕೀಯ ವರದಿಗಳನ್ನು ಶಾಲೆಗೆ ತರಿಸಬಾರದು, ಅವು ಖಾಸಗಿ. ಶಿಕ್ಷಕರೇ ಒಂದು ಮಾದರಿ ವರದಿಯನ್ನು ಬರೆದು, ಅದರಲ್ಲಿನ ಪದಗಳನ್ನು ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಅಭ್ಯಾಸ ಮಾಡಿಸಲಿ. ಕೊನೆಯ ವಾಕ್ಯ ಕಡ್ಡಾಯವಾಗಿ ಹೀಗಿರಲಿ: "ಮಾತ್ರೆ ಬಿಡುವುದೋ ಬದಲಿಸುವುದೋ ಎಂಬುದನ್ನು ಡಾಕ್ಟರಲ್ಲಿ ಕೇಳಿಯೇ ಮಾಡಬೇಕು, ಅಜ್ಜಿ."

ಮನೆಗೆ ತಲುಪಬೇಕಾದ ಮಾತು

ಕೊಲೆಸ್ಟರಾಲಿನ ಅಂಕಿ ನೋಡಿ ಮೂಳೆಯ ಸ್ಥಿತಿಯನ್ನು ಊಹಿಸಲಾಗದು. ಎರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಮುಟ್ಟು ಬೇಗನೆ ನಿಂತವರು, ಸ್ಟಿರಾಯ್ಡ್ ಔಷಧವನ್ನು ದೀರ್ಘಕಾಲ ಸೇವಿಸಿದವರು, ಸಣ್ಣ ಬೀಳುವಿಕೆಯಲ್ಲಿಯೇ ಮೂಳೆ ಮುರಿದುಕೊಂಡವರು, ಎತ್ತರ ಕುಗ್ಗಿದವರು, ಅರುವತ್ತೈದು ದಾಟಿದ ಮಹಿಳೆಯರು ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡುವುದು ಯುಕ್ತ. ನಮ್ಮ ಸಹೋದ್ಯೋಗಿ ಭಗಿನಿಯರಲ್ಲಿ ಅನೇಕರು ಈ ವಯಸ್ಸಿನತ್ತ ಸಾಗುತ್ತಿರುವರೆಂಬುದನ್ನೂ ಮರೆಯಬಾರದು.

ಆಹಾರದಲ್ಲಿ ಹೃದಯಕ್ಕೂ ಮೂಳೆಗೂ ಜಗಳವಿಲ್ಲ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಮ್ ಕ್ಯಾಲ್ಸಿಯಮ್ ಬೇಕೆಂಬುದು ನಮ್ಮ ದೇಶದ ಶಿಫಾರಸು. ಮಲಯಾಳದಲ್ಲಿ ಮುತ್ತಾರಿ ಎನ್ನುವ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಮ್, ನುಗ್ಗೆಸೊಪ್ಪಿನಲ್ಲಿ 300ಕ್ಕೂ ಮಿಕ್ಕಿ, ಸಿಪ್ಪೆಸಹಿತವಾದ ಎಳ್ಳಿನಲ್ಲಿ ಸಾವಿರಕ್ಕೂ ಮಿಕ್ಕಿ ಕ್ಯಾಲ್ಸಿಯಮ್ ಇದೆ. ಇವು ಸಸ್ಯಮೂಲದವಾದುದರಿಂದ ಕೊಲೆಸ್ಟರಾಲಿನ ಭಯವಿಲ್ಲ. ಕೆನೆ ತೆಗೆದ ಹಾಲಿನಲ್ಲಿ ಕೊಬ್ಬು ಹೋಗುತ್ತದೆ, ಕ್ಯಾಲ್ಸಿಯಮ್ ಉಳಿಯುತ್ತದೆ. ಕೊಲೆಸ್ಟರಾಲ್ ಹೆಚ್ಚಿದೆಯೆಂದು ಹಾಲು, ಮಜ್ಜಿಗೆಗಳನ್ನೆಲ್ಲ ಬಿಡುವುದು ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಂಡಂತೆ. ಭೂತಾಯಿಯಂತಹ ಸಣ್ಣ ಮೀನನ್ನು ಮೆತ್ತಗಾದ ಮುಳ್ಳಿನೊಂದಿಗೆ ತಿಂದರೆ ಕ್ಯಾಲ್ಸಿಯಮ್ ದೊರೆಯುತ್ತದೆ. ತೆಂಗಿನಕಾಯಿಯಲ್ಲಿ ಕೊಲೆಸ್ಟರಾಲ್ ಇಲ್ಲ; ಆದರೆ ಅದರ ಸಂತೃಪ್ತ ಕೊಬ್ಬು ಎಲ್‌ಡಿಎಲನ್ನು ಏರಿಸಬಲ್ಲುದು, ಆದುದರಿಂದ ಮಿತಿ ಬೇಕು. ನಡಿಗೆ, ಮೆಟ್ಟಿಲು ಹತ್ತುವುದು, ತೋಟದ ಕೆಲಸ ಎರಡಕ್ಕೂ ಹಿತ.

ಅವಲೋಕನ ಪ್ರಶ್ನೆಗಳು

1. ಕೊಲೆಸ್ಟರಾಲನ್ನು 'ಕೊಬ್ಬು' ಎಂದು ಕರೆಯುವುದು ಏಕೆ ಸಮರ್ಪಕವಲ್ಲ?
2. ಈಸ್ಟ್ರೊಜನ್ ಇಳಿದಾಗ ಎಲ್‌ಡಿಎಲ್ ಮತ್ತು ಮೂಳೆಯ ಸಾಂದ್ರತೆಗಳಲ್ಲಿ ಯಾವ ಬದಲಾವಣೆಗಳಾಗುತ್ತವೆ? ಇದರಿಂದ ಹುಟ್ಟಬಹುದಾದ ತಪ್ಪು ತೀರ್ಮಾನ ಯಾವುದು?
3. 2000ದ ಅವಲೋಕನ ಅಧ್ಯಯನಗಳಿಗೂ 2015ರ ವಿಶ್ಲೇಷಣೆಗೂ ಫಲಿತಾಂಶ ಬೇರೆಯಾದುದೇಕೆ?
4. 'ಟಿ' ಅಂಕ -1.8 ಇರುವ ವ್ಯಕ್ತಿಯ ಸ್ಥಿತಿಯನ್ನು ಅಜ್ಜಿಗೆ ತಿಳಿಯುವ ಮಾತಿನಲ್ಲಿ ನಾಲ್ಕು ವಾಕ್ಯಗಳಲ್ಲಿ ವಿವರಿಸಿರಿ.
5. "ಕೊಲೆಸ್ಟರಾಲ್ ಮಾತ್ರೆ ಮೂಳೆಗೆ ಕೆಡುಕು" ಎನ್ನುವ ನೆರೆಯವರಿಗೆ ನೀವು ಯಾವ ಆಧಾರದಿಂದ ಉತ್ತರಿಸುವಿರಿ?